ಒಸಡಿನ ಲೆಕ್ಕ

ನಮ್ಮ ಮನೆಯಲ್ಲಿ ಹಲ್ಲಿಗೆ ಮರ್ಯಾದೆ ಇತ್ತು, ಒಸಡಿಗೆ ಇರಲಿಲ್ಲ. ಹಾಲುಹಲ್ಲು ಬಿದ್ದರೆ ಸಗಣಿಯುಂಡೆಯೊಳಗೆ ಅದನ್ನಿಟ್ಟು, ಗರಿಕೆ ಸಿಕ್ಕಿಸಿ, ಹೆಂಚಿನ ಮೇಲೆ ಎಸೆಯುವ ಶಾಸ್ತ್ರ ನಡೆಯುತ್ತಿತ್ತು. ಅದೇ ಒಸಡಿನಲ್ಲಿ ರಕ್ತ ಬಂತು ಅಂದರೆ ಅಜ್ಜಿ ತಲೆಯೆತ್ತದೆ ‘ಉಷ್ಣ ಕಣೋ’ ಎಂದು ಒಂದು ಲೋಟ ನೀರುಮಜ್ಜಿಗೆ ಕೊಡುತ್ತಿದ್ದಳು. ಜಾಸ್ತಿಯಾದರೆ ಪಟಿಕದ ನೀರು. ಬಾಯಿ ಮುಕ್ಕಳಿಸಿದರೆ ಒಸಡೆಲ್ಲ ಬಿಗಿದುಕೊಂಡು ಮುಖವೇ ಒಳಕ್ಕೆ ಎಳೆದ ಹಾಗಾಗುತ್ತಿತ್ತು. ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಮೈಸೂರಿನ ಆ ಮನೆಯ ಬಚ್ಚಲಲ್ಲಿ ಹಂಡೆಯ ಪಕ್ಕದ ಗೂಡಿನಲ್ಲಿ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಅದರ ತುಂಬ ಇದ್ದಿಲು ಪುಡಿ, ಉಪ್ಪು. ಅದು ಮಕ್ಕಳಿಗೆ. ಅಪ್ಪನಿಗೆ ಮಾತ್ರ ನಂಜನಗೂಡು ಹಲ್ಲುಪುಡಿ. ಗುಲಾಬಿ ಬಣ್ಣ, ನಾಲಿಗೆಗೆ ಒಂಚೂರು ಸಿಹಿ. ನಾನು ಅದನ್ನು ಕದ್ದು ಉಜ್ಜುತ್ತಿರಲಿಲ್ಲ, ಕದ್ದು ತಿನ್ನುತ್ತಿದ್ದೆ. ಪೊಟ್ಟಣ ಬೇಗ ಬೇಗ ಖಾಲಿಯಾಗುವುದನ್ನು ಕಂಡು ಅಪ್ಪ ಅಂಗಡಿಯವನ ತೂಕವನ್ನೇ ಬೈಯುತ್ತಿದ್ದರು.

ಅಜ್ಜಿಯ ಬಾಯಲ್ಲಿ ನಾನು ಕಂಡಾಗಿನಿಂದ ಹನ್ನೊಂದು ಹಲ್ಲು. ಒಸಡು ನೇರಳೆಹಣ್ಣಿನ ಬಣ್ಣ. ಎಲೆಯಡಿಕೆಗೆ ಕಡ್ಡಿಪುಡಿ ಸೇರಿಸಿ ಹಾಕಿಕೊಳ್ಳುತ್ತಿದ್ದಳು, ಅಡಿಕೆ ಕುಟ್ಟುವ ಹಿತ್ತಾಳೆ ಕುಟ್ಟಾಣಿ ಸದಾ ಮಗ್ಗುಲಲ್ಲೇ. ‘ನನ್ನ ಒಸಡಿನಲ್ಲಿ ಒಂದು ತೊಟ್ಟು ರಕ್ತ ಬಂದದ್ದು ಕಂಡಿದ್ದೀಯಾ?’ ಎಂದು ಸವಾಲು ಹಾಕುತ್ತಿದ್ದಳು. ಕಂಡಿರಲಿಲ್ಲ, ನಿಜ. ಹೊಗೆಸೊಪ್ಪು ಒಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಮಾಡಿ, ಒಳಗೆ ಕೊಳೆಯುತ್ತಿದ್ದರೂ ಹೊರಗೆ ರಕ್ತ ಕಾಣದಂತೆ ಮಾಡುತ್ತದೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಅಜ್ಜಿ ಹೋಗಿ ಎಷ್ಟೋ ವರ್ಷವಾಗಿತ್ತು. ಗೊತ್ತಿದ್ದರೂ ಹೇಳುವ ಧೈರ್ಯ ಇರಲಿಲ್ಲ ಬಿಡಿ.

1966ರಲ್ಲಿ ಕಾಲೇಜು ಸೇರಿದೆ. ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಕೇಳಿ ಕೇಳಿ ಇದ್ದಿಲು ಅಂದರೆ ಅವಮಾನ ಅನ್ನಿಸತೊಡಗಿತ್ತು. ಬಿನಾಕಾ ಟೂತ್‌ಪೇಸ್ಟ್ ಕೊಂಡರೆ ಪ್ಲಾಸ್ಟಿಕ್ ಪ್ರಾಣಿ ಸಿಗುತ್ತಿತ್ತು, ಅದು ಮಕ್ಕಳಾಟ. ನಾನು ಕೊಂಡದ್ದು ಫೋರ್‌ಹಾನ್ಸ್. ಹಲ್ಲಿನ ಡಾಕ್ಟರೇ ತಯಾರಿಸಿದ್ದು, ಒಸಡಿಗೆ ಒಳ್ಳೆಯದು ಎಂದು ಜಾಹೀರಾತು. ಎರಡು ರೂಪಾಯಿಗೆ ಹತ್ತು ಪೈಸೆ ಕಡಿಮೆ. ಜೊತೆಗೆ ಅಂಗಡಿಯಲ್ಲಿದ್ದದ್ದರಲ್ಲೇ ಅತಿ ಗಟ್ಟಿಯಾದ ಬ್ರಷ್ಷು. ಹಬ್ಬದ ಹಿಂದಿನ ದಿನ ಹಿತ್ತಾಳೆ ಕೊಳಗವನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಹಾಗೆ ದಿನಕ್ಕೆ ಎರಡು ಸಲ ಅಡ್ಡಡ್ಡ ತಿಕ್ಕಿದೆ. ರಕ್ತ ಬಂತು. ಬಂದದ್ದಕ್ಕೆ ಇನ್ನೂ ಜೋರಾಗಿ ತಿಕ್ಕಿದೆ. ಕೆಲವೇ ವರ್ಷದಲ್ಲಿ ಕೆಳಗಿನ ಮುಂದಿನ ಹಲ್ಲುಗಳ ಒಸಡು ಜಾರಿ, ಹಲ್ಲು ಉದ್ದವಾದಂತೆ ಕಂಡಿತು. ಮುಖಕ್ಕೆ ಒಂದು ಗಾಂಭೀರ್ಯ ಬಂತು ಎಂದು ನಾನು ಅಂದುಕೊಂಡೆ.

ಆಗ ‘ಪಯೋರಿಯಾ’ ಎನ್ನುವುದು ಕೋರ್ಟಿನ ತೀರ್ಪಿನ ಹಾಗೆ. ಡಾಕ್ಟರು ಆ ಮಾತಾಡಿದರೆ ಮೇಲ್ಮನವಿ ಇಲ್ಲ, ಹಲ್ಲು ಕೀಳಿಸುವುದೇ. ಹಲ್ಲೊಂದಕ್ಕೆ ಎರಡು ರೂಪಾಯಿ. ಉಳಿಸಿಕೊಳ್ಳುವುದಕ್ಕೆ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಎದುರುಮನೆಯ ಮೇಷ್ಟ್ರು ಮಗಳ ಮದುವೆಗೆ ಮುಂಚೆ ಅಷ್ಟೂ ಹಲ್ಲು ಕೀಳಿಸಿ ಸೆಟ್ಟು ಕಟ್ಟಿಸಿಕೊಂಡರು. ಧಾರೆಯ ಹೊತ್ತಿಗೆ ಸೆಟ್ಟು ಕಚ್ಚತೊಡಗಿ, ಅದನ್ನು ಶಲ್ಯದ ತುದಿಗೆ ಗಂಟು ಹಾಕಿಕೊಂಡು ಕೂತಿದ್ದರು. ಅವರಿಗಾಗ ನಲವತ್ತಾರು ವರ್ಷ.

ನನ್ನ ಸರದಿ ಬಂದದ್ದು 1982ರಲ್ಲಿ, ಬೆಂಗಳೂರಿನಲ್ಲಿ. ಬಾಚಿಹಲ್ಲು ಅಲ್ಲಾಡುತ್ತಿತ್ತು, ಬೆಳಿಗ್ಗೆ ಬಾಯಲ್ಲಿ ತುಕ್ಕಿನ ರುಚಿ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜಿದೆ, ಅಲ್ಲಿಗೆ ಹೋದೆ. ಸಾಲಾಗಿ ಕುರ್ಚಿಗಳು, ಲವಂಗದೆಣ್ಣೆ ಡೆಟಾಲು ಕಲಸಿದ ವಾಸನೆ. ಒಬ್ಬ ಹುಡುಗ ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಒಂದೊಂದೇ ಸಂಖ್ಯೆ ಕೂಗುತ್ತಿದ್ದ, ಒಬ್ಬಳು ಹುಡುಗಿ ಬರೆದುಕೊಳ್ಳುತ್ತಿದ್ದಳು. ‘ಮೂರು... ಎರಡು... ಐದು... ಏಳು.’ ಅಂಕ ಕೊಡುತ್ತಿದ್ದಾರೆ ಅಂದುಕೊಂಡು ಏಳು ಬಂದಾಗ ನನಗೆ ಒಳಗೊಳಗೇ ಖುಷಿ. ಬಾಯಿ ಮುಚ್ಚಲು ಬಿಟ್ಟ ಮೇಲೆ ಗೊತ್ತಾಯಿತು: ಅದು ಒಸಡಿನ ಜೇಬಿನ ಆಳ, ಮಿಲಿಮೀಟರಿನಲ್ಲಿ. ಮೂರರವರೆಗೆ ಆರೋಗ್ಯ. ಬೇರು ಕೆರೆದು ಸ್ವಚ್ಛ ಮಾಡಿದ ಮೇಲೂ ಐದು ದಾಟಿ ಉಳಿದರೆ ಬಿಚ್ಚಬೇಕು.

ಬಿಚ್ಚುವುದು ಅಂದರೆ ಬಿಚ್ಚುವುದೇ. ಮರಗಟ್ಟುವ ಸೂಜಿ ಕೊಟ್ಟು, ಒಸಡನ್ನು ಹಲ್ಲಿನ ಅಂಚಿಗೆ ಸೀಳಿ, ಕಂಬಳಿ ಸರಿಸಿದ ಹಾಗೆ ಸರಿಸಿ, ಬೇರಿಗೆ ಗಾರೆಯಂತೆ ಕಚ್ಚಿದ್ದ ಪಾಚಿಯನ್ನೂ ಕೆಟ್ಟ ಮಾಂಸವನ್ನೂ ಕೆರೆದು ತೆಗೆದರು. ನೋವಿರಲಿಲ್ಲ. ಆದರೆ ಆ ಕರಕರ ಸದ್ದು ಕಿವಿಯಿಂದಲ್ಲ, ತಲೆಬುರುಡೆಯೊಳಗಿಂದಲೇ ಕೇಳಿಸುತ್ತದೆ. ಆಮೇಲೆ ಕಪ್ಪು ರೇಷ್ಮೆ ದಾರದ ಹೊಲಿಗೆ, ಅದರ ಮೇಲೆ ಲವಂಗದೆಣ್ಣೆಯಲ್ಲಿ ಕಲಸಿದ ಲಪ್ಪ. ಒಂದು ವಾರ ಅದನ್ನು ಬಾಯಲ್ಲಿಟ್ಟುಕೊಂಡೇ ಆಫೀಸಿಗೆ ಹೋದೆ. ಪಕ್ಕದ ಮೇಜಿನವರು ‘ಏನು ಸಾರ್, ಮನೇಲಿ ದಿನಾ ಪಲಾವಾ?’ ಎಂದು ಕೇಳಿದರು. ಮನೆಯಲ್ಲಿ ನನಗಿದ್ದದ್ದು ಆರಿದ ರಾಗಿ ಅಂಬಲಿ ಮತ್ತು ಒಗ್ಗರಣೆಯಿಲ್ಲದ ಮೊಸರನ್ನ. ಸಾಸಿವೆ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಎಚ್ಚರ ಡಾಕ್ಟರದಲ್ಲ, ನನ್ನ ಹೆಂಡತಿಯದು. ಊತ ಇಳಿದ ಮೇಲೆ ಹಲ್ಲುಗಳು ಇನ್ನಷ್ಟು ಉದ್ದ, ಸಂದುಗಳು ಇನ್ನಷ್ಟು ಅಗಲ. ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಬಾಚಿಹಲ್ಲು ಮಾತ್ರ ನಿಂತಿತು. ಇವತ್ತಿಗೂ ಚಕ್ಕುಲಿ ಮುರಿಯುವುದು ಅದರಲ್ಲೇ.

ಫೋರ್‌ಹಾನ್ಸ್ ಕಾಲದ ಗಾಂಭೀರ್ಯಕ್ಕೆ ಬಿಲ್ಲು ಬಂದದ್ದು ಬಹಳ ತಡವಾಗಿ. ಹನ್ನೆರಡು ವರ್ಷದ ಹಿಂದೆ ಕೆಳಗಿನ ಮುಂದಿನ ಹಲ್ಲಿನ ಬೇರು ಅರ್ಧ ಹೊರಗೆ ಬಂದಾಗ ಅಂಗುಳದಿಂದ ತೆಳುವಾದ ಒಂದು ತುಂಡು ತೆಗೆದು ಅಲ್ಲಿ ತೇಪೆ ಹಾಕಿದರು. ಒಂಬತ್ತು ಸಾವಿರ ರೂಪಾಯಿ. ತೇಪೆ ಹಾಕಿದ ಕಡೆ ಏನೂ ಅನ್ನಿಸಲಿಲ್ಲ, ಬಟ್ಟೆ ಕೊಟ್ಟ ಅಂಗುಳ ಹತ್ತು ದಿನ ಉರಿಯಿತು. ತೇಪೆ ಕಚ್ಚಿಕೊಂಡಿತು, ಬಣ್ಣ ಮಾತ್ರ ಹೊಂದಲಿಲ್ಲ. ಕೆಳತುಟಿ ಎಳೆದು ನೋಡಿದರೆ ಹಳೇ ಕಂದು ಕೋಟಿಗೆ ಬಿಳಿ ಪಾಪ್ಲಿನ್ ಹೊಲಿದ ಹಾಗಿದೆ. ನನ್ನ ವಯಸ್ಸಿನವರ ಕೆಳತುಟಿ ಎಳೆದು ಯಾರು ನೋಡುತ್ತಾರೆ?

ಮೊಮ್ಮಗಳಿಗೆ ಹಾಗಲ್ಲ. ನಿಶ್ಚಿತಾರ್ಥದ ಫೋಟೋ ನೋಡಿ, ‘ತಾತ, ನಕ್ಕರೆ ಹಲ್ಲಿಗಿಂತ ಒಸಡೇ ಕಾಣತ್ತೆ, ಅದೂ ಕಪ್ಪಗೆ’ ಅಂದಳು. ಒಸಡಿನ ಅಂಚು ಕತ್ತರಿಸಿ ಒಪ್ಪ ಮಾಡುವುದು, ಲೇಸರಿನಲ್ಲಿ ಕಪ್ಪು ತೆಗೆಯುವುದು, ಎರಡೂ ಸೇರಿ ಹದಿನೆಂಟು ಸಾವಿರ. ನಾನು ಜೊತೆಗೆ ಹೋಗಿದ್ದೆ. ಡಾಕ್ಟರು ನಿಯತ್ತಿನವರು. ಇದು ಕಾಯಿಲೆಯಲ್ಲ, ಚರ್ಮದಲ್ಲಿರುವ ಮೆಲನಿನ್ನೇ ಇಲ್ಲೂ ಇರುವುದು, ತೆಗೆದರೂ ಮತ್ತೆ ಬರಬಹುದು ಎಂದು ಬಿಡಿಸಿ ಹೇಳಿದರು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಹೆಂಗಸರು ಚೆಲುವಿಗೆಂದೇ ಒಸಡಿಗೆ ಕಪ್ಪು ಹಚ್ಚೆ ಚುಚ್ಚಿಸಿಕೊಳ್ಳುತ್ತಾರೆ ಎಂದು ಎಲ್ಲೋ ಓದಿದ್ದೆ. ಹೇಳಿದೆ. ‘ಹಾಗಾದ್ರೆ ಅಲ್ಲೇ ಗಂಡು ನೋಡಬೇಕಿತ್ತು’ ಅಂದಳು. ಅರ್ಧ ಗಂಟೆಯಲ್ಲಿ ಹೊರಗೆ ಬಂದಳು. ಹೊಲಿಗೆ ಇಲ್ಲ, ಲಪ್ಪ ಇಲ್ಲ, ಕೂದಲು ಸುಟ್ಟ ವಾಸನೆ ಬಂತು ಎಂಬುದೊಂದೇ ದೂರು. ಸಂಜೆ ತಣ್ಣಗೆ ಐಸ್‌ಕ್ರೀಂ ತಿಂದಳು.

ಮದುವೆಯ ದಿನ ಫೋಟೋದವನು, ‘ಮೇಡಂ, ಹಲ್ಲು ಬೇಡ, ತುಟಿಯಲ್ಲೇ ಸ್ವಲ್ಪ ನಗಿ’ ಅನ್ನುತ್ತಿದ್ದ.

ಮೂರು ವರ್ಷ ಕಳೆಯಿತು. ಮೊನ್ನೆ ಬಂದವಳು ಕಿಟಕಿಯ ಬೆಳಕಿಗೆ ನಿಂತು ಮೇಲ್ತುಟಿ ಎತ್ತಿ ತೋರಿಸಿದಳು. ಕೋರೆಹಲ್ಲಿನ ಮೇಲೆ ಎರಡು ಸಣ್ಣ ಚುಕ್ಕೆ. ನೇರಳೆಹಣ್ಣಿನ ಬಣ್ಣ. ‘ಇನ್ನೊಂದು ಸಲ ಮಾಡಿಸಿದ್ರೂ ಪೂರ್ತಿ ದುಡ್ಡು ತಗೋತಾರಾ ತಾತ?’ ಎಂದು ಕೇಳಿದಳು. ಫೋನು ಮಾಡಿ ಕೇಳಮ್ಮ ಅಂದೆ.