ಬೋಪಣ್ಣನ ಬ್ಯಾಟು, ತೋಟದ ದೋಟಿ

'ರಾಕೆಟ್' ಅಂದ ಕೂಡಲೇ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ನೆನಪಾಗುವುದು ಶ್ರೀಹರಿಕೋಟ. ಏನು ಮಾಡುವುದು, ಕನ್ನಡದಲ್ಲಿ ಬರೆದರೆ ಆಕಾಶಕ್ಕೆ ಹಾರುವುದೂ ರಾಕೆಟ್, ಕೈಯಲ್ಲಿ ಹಿಡಿದು ಚೆಂಡಿಗೆ ಹೊಡೆಯುವುದೂ ರಾಕೆಟ್! ಹಾಗಾಗಿ ಮಕ್ಕಳೇ ಒಂದು ದಾರಿ ಹುಡುಕಿಕೊಂಡಿದ್ದಾರೆ. ಕ್ರಿಕೆಟಿಗೂ ಬ್ಯಾಟು, ಶಟಲಿಗೂ ಬ್ಯಾಟು, ಟೆನ್ನಿಸಿಗೂ ಬ್ಯಾಟು. ಈ ಬರಹದಲ್ಲಿ ನಾನೂ ಮಕ್ಕಳ ದಾರಿಯನ್ನೇ ಹಿಡಿಯುತ್ತೇನೆ.

ಎಣ್ಮಕಜೆಯಲ್ಲಿ ಕೂತವನಿಗೆ ಟೆನ್ನಿಸಿನ ಮಾತು ಯಾಕೆ ಅಂತ ನೀವು ಕೇಳಬಹುದು. ಕೇಳಬೇಕಾದದ್ದೇ. ಗುಡ್ಡ, ಗೇರು, ಅಡಿಕೆ ತೋಟ, ನಡುವೆ ಪೆರ್ಲದಂಥ ಸಣ್ಣ ಪೇಟೆ... ಇದು ನಮ್ಮ ಪಂಚಾಯತು. ಇಲ್ಲಿ ಒಂದಿಷ್ಟು ಸಮತಟ್ಟು ಜಾಗ ಸಿಕ್ಕಿದರೆ ಒಂದೋ ವಾಲಿಬಾಲಿನ ಕಂಬ ನೆಡುತ್ತಾರೆ, ಇಲ್ಲವೇ ಅಡಿಕೆ ಒಣಗಿಸುತ್ತಾರೆ. ನಮ್ಮ ಮಕ್ಕಳಿಗೆ ಟೆನ್ನಿಸ್ ಬಂದದ್ದು ಮೊಬೈಲಿನ ದಾರಿಯಲ್ಲಿ, ಮತ್ತೆ ಕೊಡಗಿನ ದಾರಿಯಲ್ಲಿ.

ಕೊಡಗು ನಮಗೆ ದೂರವಲ್ಲ. ಪುತ್ತೂರು, ಸುಳ್ಯ ದಾಟಿ ಘಟ್ಟ ಹತ್ತಿದರೆ ಬಂತು. ಆ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಸೇರಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆಗ ಅವರಿಗೆ 43 ವರ್ಷ. ಅದೇ ವಾರ ಡಬಲ್ಸಿನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೂ ಏರಿದರು. ಆ ವಯಸ್ಸಿನಲ್ಲಿ ಮೊದಲ ಸಲ ಆ ಸ್ಥಾನಕ್ಕೆ ಏರಿದವರು ಅದಕ್ಕೂ ಹಿಂದೆ ಇರಲಿಲ್ಲ. ನಲವತ್ತು ದಾಟಿದ ನಮ್ಮಂಥ ಮಾಷ್ಟ್ರುಗಳಿಗೆ ಎಷ್ಟು ಖುಷಿಯಾಯಿತೆಂದರೆ, ಸ್ಟಾಫ್ ರೂಮಿನಲ್ಲಿ ಎರಡು ದಿನ ಅದೇ ಮಾತು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಏಳನೇ ಕ್ಲಾಸಿನ ಒಬ್ಬ ಹುಡುಗನ ಮಾವ ಬೆಂಗಳೂರಿನಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟಿನ ವಾಚ್‌ಮನ್. ಅಲ್ಲಿ ಟೆನ್ನಿಸ್ ಕೋರ್ಟು ಉಂಟು. ಎರಡು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದ ಈ ಹುಡುಗ ಚೆಂಡು ಹೆಕ್ಕಿಕೊಡುತ್ತಾ ಹೆಕ್ಕಿಕೊಡುತ್ತಾ ಆಟವನ್ನೂ ಕಲಿತ. ಊರಿಗೆ ಬಂದ ಮೇಲೆ ಶಾಲೆಯ ಹಿಂದಿನ ಗೋಡೆಗೆ ಶಟಲ್ ಬ್ಯಾಟಿನಲ್ಲಿ ಟೆನ್ನಿಸ್ ಚೆಂಡು ಹೊಡೆಯತೊಡಗಿದ. ಶಟಲ್ ಬ್ಯಾಟು ನೂರು ಗ್ರಾಮೂ ತೂಗದ ವಸ್ತು, ಅದು ಎಷ್ಟು ಪೆಟ್ಟು ತಡೆದೀತು? ಎರಡು ಮುರಿಯಿತು. ಆದರೆ ಅವನ ಕೈ ಒಳ್ಳೆಯದುಂಟು. ಗೋಡೆಯ ಮೇಲೆ ಮಸಿಯಲ್ಲಿ ಬರೆದ ಗುರುತಿಗೆ ಹತ್ತರಲ್ಲಿ ಏಳೆಂಟು ಸಲ ಹೊಡೆಯುತ್ತಿದ್ದ.

ಒಂದು ದಿನ ಸಂಜೆ ಅವನ ಅಪ್ಪ ಬಂದರು. ತೋಟಗಳಿಗೆ ಅಡಿಕೆ ಕೊಯ್ಯಲು, ಮದ್ದು ಬಿಡಲು ಹೋಗುವವರು. ಕೈಯಲ್ಲಿ ಮೊಬೈಲು. "ಮಾಷ್ಟ್ರೇ, ಇದೊಂದು ನೋಡಿ. ದೊಡ್ಡ ಆಟಗಾರರು ಆಡುವ ಬ್ಯಾಟೇ ಆಗಬೇಕಂತೆ ಇವನಿಗೆ. ರೇಟು ಇಪ್ಪತ್ತು ಸಾವಿರದ ಹತ್ತಿರ ಉಂಟು. ಸಾಲ ಮಾಡಿಯಾದರೂ ತೆಗೆಯುವ ಅಂತ. ಪ್ರಯೋಜನ ಉಂಟಾ?"

ನಾನು ಎರಡು ದಿನ ಸಮಯ ಕೇಳಿದೆ. ಸಾಲದ ಮಾತು ಬಂದ ಮೇಲೆ ಬಾಯಿಗೆ ಬಂದದ್ದು ಹೇಳಲಿಕ್ಕಾಗುತ್ತದೆಯೇ? ಆ ಎರಡು ದಿನ ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಕೇಳಿ.

ಮೊದಲಿಗೆ ಟೆನ್ನಿಸ್ ಬ್ಯಾಟು ಮರದ್ದಾಗಿತ್ತು. ತೆಳು ಮರದ ಪಟ್ಟಿಗಳನ್ನು ಬಗ್ಗಿಸಿ ಅಂಟಿಸಿ ಮಾಡುತ್ತಿದ್ದರು. ತೂಕ ನಾನೂರು ಗ್ರಾಮಿನ ಹತ್ತಿರ, ತಂತಿ ಇರುವ ಮುಖ ಸಣ್ಣದು, 65-70 ಚದರ ಇಂಚು. 1960ರ ದಶಕದಲ್ಲಿ ಉಕ್ಕಿನ ಬ್ಯಾಟು ಬಂತು. ಜಿಮ್ಮಿ ಕಾನರ್ಸ್ ವಿಲ್ಸನ್ ಕಂಪೆನಿಯ ಅಂಥ ಒಂದು ಬ್ಯಾಟನ್ನೇ ವರ್ಷಗಟ್ಟಲೆ ಬಿಡದೆ ಹಿಡಿದರು. 1976ರಲ್ಲಿ ಹೋವರ್ಡ್ ಹೆಡ್ ಎಂಬವರು ಪ್ರಿನ್ಸ್ ಕಂಪೆನಿಗಾಗಿ 110 ಚದರ ಇಂಚಿನ ದೊಡ್ಡ ಮುಖದ ಅಲ್ಯುಮಿನಿಯಂ ಬ್ಯಾಟು ತಂದರು. ಆಮೇಲೆ ಗ್ರಾಫೈಟ್, ಅಂದರೆ ಕಾರ್ಬನ್ ನಾರಿನ ಬ್ಯಾಟು ಬಂದು ಎಲ್ಲವನ್ನೂ ಮೂಲೆಗೆ ಸೇರಿಸಿತು. ಮರದ ಬ್ಯಾಟಿನಲ್ಲಿ ಪುರುಷರ ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದವರಲ್ಲಿ ಕೊನೆಯವರು ಫ್ರಾನ್ಸಿನ ಯಾನಿಕ್ ನೋವಾ, 1983ರಲ್ಲಿ.

ಈಗ ನಿಯಮ ಏನು ಹೇಳುತ್ತದೆ? ಉದ್ದ 73.7 ಸೆಂಟಿಮೀಟರ್ ಮೀರಬಾರದು, ಅಗಲ 31.7 ಮೀರಬಾರದು. ತಂತಿಯ ಮುಖಕ್ಕೂ ಅಳತೆ ಉಂಟು. ಆದರೆ ತೂಕಕ್ಕೆ ಯಾವ ಮಿತಿಯೂ ಇಲ್ಲ! ದೊಡ್ಡ ಆಟಗಾರರ ಬ್ಯಾಟು ಅಂಗಡಿಯದ್ದಕ್ಕಿಂತ ಬೇರೆಯಾಗುವುದು ಮುಖ್ಯವಾಗಿ ಇಲ್ಲೇ. ಅವರು ಚೌಕಟ್ಟಿಗೆ ಸೀಸದ ಪಟ್ಟಿ ಅಂಟಿಸುತ್ತಾರೆ, ಹಿಡಿಯೊಳಗೆ ಭಾರ ತುಂಬಿಸುತ್ತಾರೆ, ಹಿಡಿಯ ಆಕಾರವನ್ನೇ ತಮ್ಮ ಅಂಗೈಗೆ ತಕ್ಕಂತೆ ಮಾಡಿಸಿಕೊಳ್ಳುತ್ತಾರೆ. ಪೀಟ್ ಸಾಂಪ್ರಸ್ ಬ್ಯಾಟಿನ ಮುಖ ಬರೀ 85 ಚದರ ಇಂಚು, ತೂಕ ಸೀಸವೆಲ್ಲಾ ಸೇರಿ ನಾನೂರು ಗ್ರಾಮಿನ ಆಸುಪಾಸು. ತಂತಿಯ ಬಿಗಿ ಸುಮಾರು 75 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ 34 ಕೆಜಿ. ಅದನ್ನು ತಂದು ಏಳನೇ ಕ್ಲಾಸಿನ ಹುಡುಗನ ಕೈಗೆ ಕೊಟ್ಟರೆ ಒಂದು ವಾರದಲ್ಲಿ ಮೊಣಕೈ ನೋವು ಅಂತ ಮಲಗಿಯಾನು.

ಇನ್ನೊಂದು ಸಂಗತಿ ಕೇಳಿ, ನನಗೆ ನಗುವೂ ಬಂತು. ಕಂಪೆನಿಗಳು ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮಾದರಿ ಬಿಡುತ್ತವೆ. ಜಾಹೀರಾತಿನಲ್ಲಿ ಆಟಗಾರ ಅದನ್ನೇ ಹಿಡಿದು ನಿಂತಿರುತ್ತಾನೆ. ಆದರೆ ಎಷ್ಟೋ ಆಟಗಾರರು ತಮಗೆ ಒಗ್ಗಿದ ಹತ್ತು ವರ್ಷ ಹಳೆಯ ಅಚ್ಚಿನ ಬ್ಯಾಟಿಗೇ ಹೊಸ ಮಾದರಿಯ ಬಣ್ಣ ಹಚ್ಚಿಸಿಕೊಂಡು ಆಡುತ್ತಾರಂತೆ! ಆ ವ್ಯಾಪಾರದವರು ಇದಕ್ಕೆ 'ಪೇಂಟ್ ಜಾಬ್' ಅನ್ನುತ್ತಾರೆ. ನಮ್ಮ ಯಕ್ಷಗಾನದಲ್ಲಿ ವೇಷ ರಾಮನದ್ದು, ಒಳಗಿರುವ ಮನುಷ್ಯ ನಮ್ಮೂರಿನವ. ಹಾಗೆ.

ತಂತಿಯ ಕಥೆ ಬೇರೆಯೇ ಉಂಟು. ಹಳೆಯ ಕಾಲದಿಂದ ಪ್ರಾಣಿಯ ಕರುಳಿನಿಂದ ಮಾಡಿದ ತಂತಿಗೆ ಬೆಲೆ ಹೆಚ್ಚು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಬಾಬೊಲಾ ಮನೆತನದವರು 1875ರಿಂದಲೇ ಇದನ್ನು ಮಾಡುತ್ತಾ ಬಂದಿದ್ದಾರೆ. ಅದು ತೇವ ತಾಗಿದರೆ ಕೆಡುತ್ತದೆ. ನಮ್ಮ ಜೂನ್-ಜುಲೈ ಮಳೆಗೆ ಅದು ಎಷ್ಟು ದಿನ ಬಾಳೀತು ಅಂತ ನೀವೇ ಯೋಚಿಸಿ. 1997ರಲ್ಲಿ ಬ್ರೆಜಿಲಿನ ಗುಸ್ಟಾವೋ ಕುರ್ಟನ್, ರ‍್ಯಾಂಕಿಂಗಿನಲ್ಲಿ 66ನೆಯವರಾಗಿದ್ದವರು, ಪಾಲಿಯೆಸ್ಟರ್ ತಂತಿಯಲ್ಲಿ ಆಡಿ ಫ್ರೆಂಚ್ ಓಪನ್ ಗೆದ್ದರು. ಅಲ್ಲಿಂದ ಮುಂದೆ ಪಾಲಿಯೆಸ್ಟರಿನ ಕಾಲ. ಜೋರಾಗಿ ಬೀಸಿದರೂ ಚೆಂಡು ತಿರುಗುತ್ತಾ ಕೋರ್ಟಿನೊಳಗೇ ಬೀಳುತ್ತದೆ. ಆದರೆ ಅದು ಗಡುಸು. ಬಲಿಯದ ಕೈಗೆ ಒಳ್ಳೆಯದಲ್ಲ.

ಒಂದು ತಂತಿಯನ್ನಂತೂ ನಿಷೇಧವೇ ಮಾಡಬೇಕಾಯಿತು. ಜರ್ಮನಿಯ ವರ್ನರ್ ಫಿಶರ್ ಎಂಬವರು ಎರಡು ಪದರದ ತಂತಿ ಕಟ್ಟಿ, ಅದಕ್ಕೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಒಂದು ಬ್ಯಾಟು ಮಾಡಿದ್ದರು. ಚೆಂಡು ಹುಚ್ಚು ಹಿಡಿದಂತೆ ತಿರುಗುತ್ತಿತ್ತು. 1977ರ ಅಕ್ಟೋಬರಿನಲ್ಲಿ ಇಲಿ ನಸ್ಟಾಸೆ ಅದನ್ನು ಹಿಡಿದು ಬಂದಾಗ, ಸಾಲಾಗಿ 46 ಪಂದ್ಯ ಗೆದ್ದಿದ್ದ ಗಿಲೆರ್ಮೊ ವಿಲಾಸ್ ಬೇಸತ್ತು ಆಟವನ್ನು ಅರ್ಧಕ್ಕೇ ಬಿಟ್ಟು ನಡೆದರು. ಕೂಡಲೇ ಅದಕ್ಕೆ ತಡೆ ಬಿತ್ತು. 1978ರಲ್ಲಿ ಬ್ಯಾಟು ಅಂದರೆ ಏನು ಎಂದು ನಿಯಮದಲ್ಲೇ ಬರೆದರು. ಅದಕ್ಕಿಂತ ಮೊದಲು ಬರೆದೇ ಇರಲಿಲ್ಲ ನೋಡಿ!

ಹಾಗಾದರೆ ಬ್ಯಾಟು ಮುಖ್ಯವೋ, ಕೈ ಮುಖ್ಯವೋ? ಕೈ ಒಂದೇ ಸಾಕು ಅಂತ ಹೇಳುವ ಹಾಗಿಲ್ಲ. ಬ್ಯೋನ್ ಬೋರ್ಗ್ ಐದು ಸಲ ವಿಂಬಲ್ಡನ್ ಗೆದ್ದವರು. ವರ್ಷಗಳ ಬಳಿಕ 1991ರಲ್ಲಿ ಮಾಂಟೆ ಕಾರ್ಲೋದಲ್ಲಿ ಮತ್ತೆ ಆಡಲು ಬಂದಾಗ ಹಳೆಯ ಮರದ ಬ್ಯಾಟನ್ನೇ ತಂದಿದ್ದರು, ಮೊದಲ ಪಂದ್ಯದಲ್ಲೇ ಸೋತರು. ರೋಜರ್ ಫೆಡರರ್ 90 ಚದರ ಇಂಚಿನಲ್ಲಿ ಎಲ್ಲವನ್ನೂ ಗೆದ್ದಿದ್ದರೂ 2014ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, 97ಕ್ಕೆ ಬದಲಾಯಿಸಿದರು. 2017ರಲ್ಲಿ ಆಸ್ಟ್ರೇಲಿಯನ್ ಓಪನನ್ನೂ ವಿಂಬಲ್ಡನನ್ನೂ ಮತ್ತೆ ಗೆದ್ದರು. ಅಂದರೆ ಉಪಕರಣ ಬೇಕು, ಒಳ್ಳೆಯದೇ ಬೇಕು. ಆದರೆ ಅದು ಆಡುವವನ ಇವತ್ತಿನ ಮೈಗೆ ತಕ್ಕದ್ದಾಗಿರಬೇಕು.

ಎರಡು ದಿನ ಬಿಟ್ಟು ಹುಡುಗನ ಅಪ್ಪನಿಗೆ ಇಷ್ಟನ್ನೂ ಹೇಳಲು ಕೂತೆ. ಕಾರ್ಬನ್ ಅಂದದ್ದೇ ತಡ, ಅವರ ಮುಖ ಅರಳಿತು. "ನಮ್ಮ ದೋಟಿಯ ಕಾರ್ಬನ್ನೇ ಅಲ್ವಾ ಮಾಷ್ಟ್ರೇ?" ಹೌದಲ್ಲ! ನಮ್ಮ ತೋಟಗಳಲ್ಲೂ ಬಿದಿರಿನ ದೋಟಿ ಹೋಗಿ ಅಲ್ಯುಮಿನಿಯಂ ಬಂತು, ಈಗ ಕೆಲವು ವರ್ಷಗಳಿಂದ ಕಾರ್ಬನ್ ಫೈಬರ್ ದೋಟಿ. ಮರ ಹತ್ತದೆ ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಬೋರ್ಡೋ ಬಿಡಬಹುದು. ಬ್ಯಾಟು ನಡೆದ ದಾರಿಯಲ್ಲೇ ದೋಟಿಯೂ ನಡೆದಿದೆ.

ಆಮೇಲೆ ಮಾತಾಡಿದ್ದು ಅವರು, ಕೇಳಿದ್ದು ನಾನು. ಹೊಸಬರು ಕಲಿಯಲು ಬಂದರೆ ಎಂಬತ್ತು ಅಡಿಯ ದೋಟಿಯನ್ನು ಮೊದಲ ದಿನವೇ ಕೈಗೆ ಕೊಡುವುದಿಲ್ಲವಂತೆ. "ಕೊಟ್ಟರೆ ದೋಟಿಯೇ ಅವನನ್ನು ಆಡಿಸುತ್ತದೆ. ಗಿಡ್ಡ ಮರ, ಗಿಡ್ಡ ದೋಟಿ, ಹೆಗಲು ಪಳಗಿದ ಹಾಗೆ ಒಂದೊಂದೇ ತುಂಡು ಉದ್ದ ಮಾಡುವುದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇವನಿಗೆ ಗಿಡ್ಡ ಬ್ಯಾಟು ಸಾಕು" ಅಂದರು. ನಾನು ಎರಡು ದಿನ ಓದಿ ತಿಳಿದದ್ದು ಅವರಿಗೆ ಹೆಗಲಿನಲ್ಲೇ ಗೊತ್ತಿತ್ತು.

ಅಂತಾರಾಷ್ಟ್ರೀಯ ಟೆನ್ನಿಸ್ ಒಕ್ಕೂಟ ಹೇಳುವುದೂ ಅದನ್ನೇ. 2012ರಿಂದ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳ ಸ್ಪರ್ಧೆಗಳಲ್ಲಿ ದೊಡ್ಡವರ ಹಳದಿ ಚೆಂಡು ಬಳಸುವಂತಿಲ್ಲ. ಕೆಂಪು, ಕಿತ್ತಳೆ, ಹಸಿರು ಅಂತ ಮೂರು ಹಂತದ ನಿಧಾನದ ಚೆಂಡುಗಳು. ಕೆಂಪು ಹಂತಕ್ಕೆ 23 ಇಂಚಿನವರೆಗಿನ ಬ್ಯಾಟು, ಕಿತ್ತಳೆಗೆ 23ರಿಂದ 25, ಹಸಿರಿಗೆ 25-26. ದೊಡ್ಡವರದ್ದು ಸಾಮಾನ್ಯವಾಗಿ 27. ನಮ್ಮ ಹುಡುಗನಿಗೆ 26 ಇಂಚಿನ ಸಾದಾ ಅಲ್ಯುಮಿನಿಯಂ ಬ್ಯಾಟು ಬಂತು, ಜೊತೆಗೆ ಒಂದು ಡಬ್ಬ ಚೆಂಡು. ಸಾಲ ಬೇಕಾಗಲಿಲ್ಲ. ಹುಡುಗ ನಾಲ್ಕು ದಿನ ಮುಖ ಊದಿಸಿಕೊಂಡಿದ್ದದ್ದು ನಿಜ. ಐದನೇ ದಿನ ಗೋಡೆಯ ಸದ್ದು ಸ್ಟಾಫ್ ರೂಮಿಗೆ ಕೇಳತೊಡಗಿತು.

ಅವನಿಗೆ ನಾನು ಬೋಪಣ್ಣನ ಇನ್ನೊಂದು ಸಂಗತಿ ಹೇಳಿದೆ. 2025ರ ನವೆಂಬರಿನಲ್ಲಿ ನಿವೃತ್ತಿ ಹೇಳುವಾಗ ಅವರು ಕೊಡಗಿನ ದಿನಗಳನ್ನು ನೆನಪಿಸಿಕೊಂಡಿದ್ದರು. ಸರ್ವಿಸ್ ಬಲವಾಗಲೆಂದು ಕಟ್ಟಿಗೆ ಒಡೆಯುತ್ತಿದ್ದರಂತೆ. ದಮ್ಮು ಬರಲೆಂದು ಕಾಫಿ ತೋಟದಲ್ಲಿ ಓಡುತ್ತಿದ್ದರಂತೆ. ಬಿರುಕು ಬಿಟ್ಟ ಕೋರ್ಟಿನಲ್ಲಿ ಆಡಿ ಬೆಳೆದರಂತೆ. ಮುಂದೆ ಮೊಣಗಂಟು ಸವೆದಾಗ ಅವರನ್ನು ಆಟದಲ್ಲಿ ಉಳಿಸಿದ್ದು ಅಯ್ಯಂಗಾರ್ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಹಗ್ಗ, ಕುರ್ಚಿ, ಮರದ ತುಂಡು ಇಟ್ಟು ಕಲಿಸಿದ ಯೋಗ ಅದು. ಕೊಡಲಿ, ಹಗ್ಗ, ಕುರ್ಚಿ... ಇವನ್ನು ಯಾರೂ ಬೋಪಣ್ಣನ ಹೆಸರು ಹಾಕಿ ಮಾರುವುದಿಲ್ಲ.

ಪಿಟಿಎ ಸಭೆಯಲ್ಲಿ ಆಟದ ಸಾಮಾನಿನ ಮಾತು ಬಂದಾಗ ದಯವಿಟ್ಟು ನಾಲ್ಕು ವಿಷಯ ನೆನಪಿಡಿ. ಮಗುವಿನ ಎತ್ತರಕ್ಕೆ ತಕ್ಕ ಉದ್ದ ಇರಲಿ. ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ಬೆರಳು ಹೋಗುವಷ್ಟು ಜಾಗ ಉಳಿಯಲಿ. ತಂತಿ ಮೆತ್ತಗಿನದ್ದಾಗಿರಲಿ. ಒಂದು ದುಬಾರಿ ಬ್ಯಾಟಿನ ಹಣದಲ್ಲಿ ಹತ್ತು ಮಕ್ಕಳಿಗೆ ಸಾಕಾಗುವಷ್ಟು ಸಾದಾ ಬ್ಯಾಟು ಬರುತ್ತದೆಯೇ ಅಂತ ಲೆಕ್ಕ ಹಾಕಿ. ಬಂದದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ ಅನ್ನುವುದು ಐದನೆಯದು, ಅದು ನಮ್ಮ ಮಾಷ್ಟ್ರುಗಳಿಗೆ!

ನಿಮ್ಮ ಶಾಲೆಯ ಕಪಾಟಿನಲ್ಲಿ ಏನೇನುಂಟು? ಮಕ್ಕಳು ಯಾವುದರಲ್ಲಿ ಆಡುತ್ತಾರೆ? ತಿಳಿಸಿದರೆ ಸಂತೋಷ.