ಡುಕಾಟ್ ಎಂಬ ಹೊನ್ನೂ ಉಳ್ಳಾಲದ ಕಪ್ಪವೂ

ನೇತ್ರಾವತಿಯ ದಕ್ಷಿಣ ದಂಡೆಯ ಉಳ್ಳಾಲವು ಜೈನಧರ್ಮಾವಲಂಬಿಗಳಾದ ಚೌಟರಸರ ಕಾಲದಲ್ಲಿ ಮೆಣಸು, ಅಕ್ಕಿಗಳು ಹೊರಡುತ್ತಿದ್ದ ಬಂದರು. ಈ ಕಡಲತೀರದ ಮೆಣಸಿಗೆ ಪಶ್ಚಿಮದಿಂದ ಪ್ರತಿಯಾಗಿ ಬರುತ್ತಿದ್ದ ಹೊನ್ನುಗಳಲ್ಲಿ ವೆನಿಸ್ ನಗರದ ಡುಕಾಟ್ ಅಗ್ರಗಣ್ಯವಾದುದು.

1284ರಲ್ಲಿ ಆ ನಗರದ ಅಧಿಪತಿ ಜೊವಾನ್ನಿ ದಾಂದೊಲೊ ಇದನ್ನು ಮೊದಲು ಟಂಕಿಸಿದನು. ತೂಕ ಸುಮಾರು ಮೂರೂವರೆ ಗ್ರಾಂ. ಚಿನ್ನ ಬಹುತೇಕ ಅಪ್ಪಟ. ಅದರ ಮೇಲಿನ ಲ್ಯಾಟಿನ್ ಬರಹವು ಈ ಸಂಸ್ಥಾನವನ್ನು ಕ್ರಿಸ್ತನಿಗೆ ಅರ್ಪಿಸುತ್ತದೆ. ಅದರ ಕೊನೆಯ ಪದ ‘ದುಕಾತುಸ್’, ಎಂದರೆ ಸಂಸ್ಥಾನ. ನಾಣ್ಯಕ್ಕೆ ನೆಲೆಯಾಗಿ ನಿಂತ ಹೆಸರು ಆ ಪದದ್ದೇ. ಇದರ ಮತ್ತೊಂದು ಹೆಸರು ‘ಜೆಕ್ಕೀನೊ’. ಅದು ಟಂಕಸಾಲೆಯ ‘ಜೆಕ್ಕಾ’ದಿಂದ, ಅದೂ ಅರಬ್ಬಿಯ ‘ಸಿಕ್ಕಾ’ದಿಂದ ಬಂದುದು. ನಮ್ಮ ಸಿಕ್ಕಾ ರೂಪಾಯಿಯ ಸೋದರಪದವಿದು!

ಭಾರತದವರು ಲಿಪಿಯನ್ನು ಬಿಟ್ಟು ಚಿತ್ರವನ್ನು ಓದಿದರು. ಸಂತ ಮಾರ್ಕನ ಮುಂದೆ ಮೊಣಕಾಲೂರಿ ಧ್ವಜದಂಡ ಹಿಡಿದ ಅಧಿಪತಿಯು ತಮಿಳರ ಕಣ್ಣಿಗೆ ತಾಳೆಮರವನ್ನಪ್ಪಿದ ಶಾನಾರನಾಗಿ ಕಂಡನು. ನಾಣ್ಯವು ‘ಶಾನಾರ್ ಕಾಸು’ ಆಯಿತು. ಮರಾಠಿ-ಕೊಂಕಣಿ ಸೀಮೆಯಲ್ಲಿ ಅದೇ ‘ಪುತಳಿ’, ಎಂದರೆ ಬೊಂಬೆ. ಪುತಳಿಹಾರದ ಹೆಸರಿನಲ್ಲಿ ಆ ಬೊಂಬೆ ಇನ್ನೂ ಉಳಿದಿದೆ.

ಪೋರ್ಚುಗೀಸರು ನಮ್ಮ ಹೊನ್ನಿಗೂ ಇದನ್ನೇ ಮಾಡಿದರು. ವಿಜಯನಗರದ ‘ಪ್ರತಾಪ’ವು ಅವರ ನಾಲಗೆಯಲ್ಲಿ ‘ಪರ್ದಾವ್’ ಆಯಿತು. ವರಾಹವು ಐರೋಪ್ಯರಿಗೆಲ್ಲ ‘ಪಗೋಡ’. ಅವರನ್ನು ನಗುವಂತಿಲ್ಲ. ಹನುಮಂತ, ಗರುಡ, ಬಾಲಕೃಷ್ಣ, ಉಮಾಮಹೇಶ್ವರರಿರುವ ನಾಣ್ಯವನ್ನು ನಾವೂ ವರಾಹವೆಂದೇ ಕರೆದೆವಲ್ಲ!

ವರಾಹದ ತೂಕ ಸುಮಾರು 3.4 ಗ್ರಾಂ, ಡುಕಾಟಿಗೆ ಕೂದಲೆಳೆಯಷ್ಟೇ ಕಡಿಮೆ. ತಕ್ಕಡಿಯಲ್ಲಿ ಸರಿಸಮನಾದ ಈ ಹೊನ್ನುಗಳಿಂದ ವ್ಯಾಪಾರ ಸರಾಗವಾಗಿಯೇ ಸಾಗಬಹುದಿತ್ತು. ಆದರೆ ಪೋರ್ಚುಗೀಸರು ಬಯಸಿದ್ದು ಬೆಲೆಯನ್ನಲ್ಲ, ಕಪ್ಪವನ್ನು. ಮೆಣಸಿಗೆ ತೆತ್ತ ಹೊನ್ನು ಮಾರುವವನ ಸ್ವಾತಂತ್ರ್ಯವನ್ನು ಒಪ್ಪುತ್ತದೆ. ಕಪ್ಪವಾಗಿ ತೆತ್ತರೆ ಅದೇ ಹೊನ್ನು ಅದನ್ನು ಕಸಿಯುತ್ತದೆ. ಉಳ್ಳಾಲದ ರಾಣಿ ಅಬ್ಬಕ್ಕನು ಒಪ್ಪಲಿಲ್ಲ. 1555ರಲ್ಲಿ ಆಲ್ವಾರೊ ದ ಸಿಲ್ವೇರನ ನೌಕಾಪಡೆ ಬಂದಿತು. 1568ರಲ್ಲಿ ಉಳ್ಳಾಲ ಮತ್ತೆ ದಾಳಿಗೆ ತುತ್ತಾಯಿತು.

1623ರಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಾಣಲು ಮಣೇಲಿಗೆ ಬಂದನು. ಅವನಿಗೆ ಅವಳು ಎದುರಾದದ್ದು ದಾರಿಯಲ್ಲಿ. ಬರಿಗಾಲಿನಲ್ಲಿ, ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು.