ಬೇರಿಂಗು ಬದಲಿಸುವವರು ನಾವು

ಕರ್ಕಿಯ ಹೆದ್ದಾರಿ ಪಕ್ಕ ತಗಡಿನ ಚಪ್ಪರ ಹಾಕಿಕೊಂಡು ಗಾಡಿ ರಿಪೇರಿ ಮಾಡುವವರು ನಾವು. ಮೂರು ಜನ. ಮೂವರೂ ಒಂದೇ ಕೇರಿಯವರು. ಮೀನು ಸಾಗಿಸುವ ಗೂಡ್ಸ್ ರಿಕ್ಷಾ, ಹಳೇ ಸ್ಕೂಟರು, ಟಿಲ್ಲರು, ಪಂಪು, ಕೈಗೆ ಬಂದದ್ದನ್ನೆಲ್ಲ ಬಿಚ್ಚಿದ್ದೇವೆ. ಈಗ ಕೆಲವು ವರ್ಷದಿಂದ ಹೊಸದೊಂದು ಬರುತ್ತಿದೆ. ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ, ದಪ್ಪ ಟಯರಿನ ನಾಲ್ಕು ಚಕ್ರದ ಬೈಕು. ಎಟಿವಿ ಅಂತಾರೆ. ೨೦೨೦ರಲ್ಲಿ ಶರಾವತಿಯಾಚೆಯ ಕಾಸರಕೋಡ ಬೀಚಿಗೆ ನೀಲಿ ಬಾವುಟ ಸಿಕ್ಕಿತು. ಪೇಟೆಯ ಜನ ಕಾರು ತುಂಬಿಕೊಂಡು ಬರತೊಡಗಿದರು. ಅವರಿಗೆ ಕಡಲು ನೋಡಿದರೆ ಸಾಲದು, ಅದರ ಮೇಲೆ ಸವಾರಿಯೂ ಆಗಬೇಕು.

ನಮ್ಮ ಚಪ್ಪರಕ್ಕೆ ಈ ಗಾಡಿ ಬಂತು ಅಂದರೆ ನಾವು ಕೇಳುವುದೇ ಇಲ್ಲ, ಹಿಂದಿನ ಆಕ್ಸಲ್ಲಿಗೇ ಕೈ ಹಾಕ್ತೇವೆ. ಜಾಕು ಕೊಟ್ಟು ಹಿಂಭಾಗ ಎತ್ತಿ, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸುವುದು. ಟಕ್ ಟಕ್ ಅಂದರೆ ಬೇರಿಂಗು ಹೋಯ್ತು. ತಿರುಗಿಸಿದಾಗ ರಾಗಿ ಬೀಸಿದ ಸದ್ದು ಬಂದರೆ ಮಾತೇ ಇಲ್ಲ.

ಈ ಜಾತಿಯ ಬೈಕುಗಳಲ್ಲಿ ಬಹಳಷ್ಟಕ್ಕೆ ಹಿಂದೆ ಒಂದೇ ಇಡೀ ಆಕ್ಸಲ್ಲು. ಎರಡು ಚಕ್ರವೂ ಅದಕ್ಕೇ ಕಚ್ಚಿಕೊಂಡಿವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಕಾರಿನಲ್ಲಾದರೆ ಅದಕ್ಕೆ ಗೇರಿನ ಏರ್ಪಾಡಿದೆ. ಇಲ್ಲಿ ಇಲ್ಲ. ಎರಡೂ ಜಗ್ಗಾಡುತ್ತವೆ, ಆ ಜಗ್ಗಾಟವನ್ನೆಲ್ಲ ತಿನ್ನುವುದು ನಡುವಿನ ಕೊಳವೆಯಲ್ಲಿ ಕೂತ ಎರಡು ಬೇರಿಂಗು. ಯಾರೂ ಕಾಣದ ಜಾಗ. ಬಣ್ಣ ಹೊಡೆಯುವುದು, ಲೈಟು ಕೂರಿಸುವುದು ಎಲ್ಲಾ ಮುಂದುಗಡೆ.

ಕಡಲ ಉಸುಕನ್ನು ನೀವು ಮೆತ್ತಗಿನದು ಅಂದುಕೊಂಡಿರಬಹುದು. ಉಸುಕಿನ ಕಾಳು ಬೇರಿಂಗಿನ ಉಕ್ಕಿಗಿಂತ ಗಟ್ಟಿ. ಒಂದು ಕಾಳು ಒಳಹೊಕ್ಕರೆ ಗುಂಡು ಓಡುವ ಹಾದಿಗೆ ಗುಳಿ ಬೀಳುತ್ತದೆ. ಹೊಗುವುದು ಹೇಗೆ, ಸೀಲು ಇದೆಯಲ್ಲ? ಇದೆ. ಆದರೆ ಓಡಿ ಓಡಿ ಬಿಸಿಯಾದ ಆಕ್ಸಲ್ಲನ್ನು ಥಟ್ಟನೆ ಅಲೆಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ತುಟಿಯ ಸಂದಿನಿಂದ ಉಪ್ಪುನೀರನ್ನು ಒಳಗೆ ಹೀರುತ್ತದೆ. ನೀರು ಕುಡಿದ ಗ್ರೀಸು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ತುಕ್ಕು.

ಅಲೆಗೆ ಇಳಿಸುವವರು ಯಾರು? ಇದೇ ಜಗಳಕ್ಕೆ ಮೂಲ. ಹೋದ ವರ್ಷ ಒಬ್ಬ ಹುಡುಗ ಗಾಡಿ ತಳ್ಳಿಕೊಂಡು ಬಂದ. ನಮ್ಮ ಕೇರಿಯವನೇ, ಹತ್ತನೇತ್ತೆ ಮುಗಿಸಿ ದಂಡೆ ಮೇಲೆ ದಿನಗೂಲಿಗೆ ಹೋಗುವವ. ಬೇರಿಂಗು ಕಚ್ಚಿಕೊಂಡು, ಚಕ್ರ ನಿಂತು, ಗಾಡಿ ಮಗುಚಿ ಮೊಣಕಾಲು ಒಡೆದುಕೊಂಡಿದ್ದ. ಹಿಂದೆಯೇ ಧಣಿ ಕಾರಿನಲ್ಲಿ ಬಂದರು. ಕಾಲು ನೋಡಲಿಲ್ಲ, ಆಕ್ಸಲ್ಲು ನೋಡಿದರು.

"ನೀನೇ ನೀರಿಗೆ ಇಳ್ಸಿ ಹಾಳ್ ಮಾಡಿದ್ದು. ನಿನ್ನ ಪಗಾರದಲ್ಲೇ ಮುರೀತೆ."

"ಗಿರಾಕಿ ಫೋಟೋಕೆ ಅಲೆ ಒಳಗೇ ಹೋಗು ಅಂದ್ರೆ ನಾ ಎಂತ ಮಾಡ್ಲಿ, ಅಣ್ಣಾ?" ಅಂತ ಹುಡುಗ ಕೇಳಿದ್ದು ಧಣಿಯನ್ನಲ್ಲ, ನಮ್ಮನ್ನ.

ನಾವು ಬಿಚ್ಚಿದೆವು. ಗಾಲಿ ತೆಗೆದು, ಕಾಟರ್ ಪಿನ್ನು ಎಳೆದು, ಹಬ್ಬು ಬಿಡಿಸಿ, ಚೈನು ಸಡಿಲಿಸಿ, ದೊಡ್ಡ ಲಾಕ್ ನಟ್ಟಿಗೆ ಪಾನಾ ಹಾಕಿದರೆ ಅಲುಗಲಿಲ್ಲ. ಉಪ್ಪು ಕಚ್ಚಿತ್ತು. ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆವು. ಬೆಳಿಗ್ಗೆ, ತುದಿಯ ಮರೆ ಹಾಳಾಗದ ಹಾಗೆ ನಟ್ಟು ಮೇಲಿಟ್ಟೇ ಮರದ ಕೊಡತಿಯಲ್ಲಿ ಬಡಿದು ಆಕ್ಸಲ್ಲು ಈಚೆ ತಂದೆವು. ಹಳೇ ಬೇರಿಂಗು ಕೈಗೆ ಬಂದಾಗ ಸತ್ಯ ಕಾಣಿಸಿತು. ಎರಡು ಬೇರಿಂಗಿನ ನಡುವೆ ಇರಬೇಕಾದ ಕೊಳವೆಯೇ ಇಲ್ಲ! ಹಿಂದೆ ಯಾರೋ ರಿಪೇರಿಯಲ್ಲಿ ಬಿಟ್ಟಿದ್ದರು. ಅದಿಲ್ಲದೆ ನಟ್ಟು ಬಿಗಿದರೆ ಒಳಗಿನ ಬಳೆಗಳು ಒಂದರತ್ತ ಒಂದು ಒತ್ತಿಕೊಂಡು ಗುಂಡುಗಳನ್ನು ಅಡ್ಡಡ್ಡ ಹಿಂಡುತ್ತವೆ. ಕಡಲಿಗೆ ಇಳಿಯದಿದ್ದರೂ ಅದು ಬಾಳುತ್ತಿರಲಿಲ್ಲ. ಸೀಲೂ ಹಳತೇ, ತುಟಿ ಸವೆದದ್ದು. ಇಷ್ಟನ್ನೂ ಬಾಳೆ ಎಲೆ ಮೇಲೆ ಜೋಡಿಸಿಟ್ಟು ಧಣಿಗೆ ತೋರಿಸಿದೆವು.

ಧಣಿ ಅಂದರು, "ಸೀಲು ಹಳೇದೇ ಹಾಕಿ, ಬೇರಿಂಗು ಯಾವ್ದಾದ್ರೂ ಅಗ್ಗದ್ದು ಹಾಕಿ. ಸೀಸನ್ ದಾಟ್ಸಿದ್ರೆ ಸಾಕು."

ಆಗುವುದಿಲ್ಲ ಅಂದೆವು. ನಮ್ಮ ಅಪ್ಪಂದಿರು ಇಂಥವರ ಎದುರು "ಒಡೆಯಾ" ಅನ್ನದೆ ಬಾಯಿ ಬಿಟ್ಟವರಲ್ಲ. ೧೯೭೪ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ನೆಲ ಬಂತು. ಗೇಣಿಯೂ ಇಲ್ಲದ ಕೂಲಿಗಳಿಗೆ ಮನೆ ಅಡಿಯ ನೆಲ ದಕ್ಕಿದ್ದೇ ಹೆಚ್ಚು. ನಮಗೆ ಆಸ್ತಿ ಅಂತ ಇರುವುದು ಈ ಪಾನಾ ಪೆಟ್ಟಿಗೆ. ಅದನ್ನು ಸುಳ್ಳು ಕೆಲಸಕ್ಕೆ ಎತ್ತುವುದಿಲ್ಲ.

ಹೊಸ ಬೇರಿಂಗು ತರುವಾಗ ಅಂಕಿ ನೋಡಬೇಕು. ೬೨೦೫ ಅಂತಿದ್ದರೆ ಕಡೆಯ ಎರಡಂಕಿಯನ್ನು ಐದರಿಂದ ಗುಣಿಸಿ, ಒಳತೂತು ೨೫ ಮಿಲಿಮೀಟರು. ಪಕ್ಕದಲ್ಲಿ ೨ಆರ್‌ಎಸ್ ಅಂತಿದ್ದರೆ ಎರಡೂ ಬದಿಗೆ ರಬ್ಬರಿನ ಮುಚ್ಚಳ. ಶಾಲೆಯಲ್ಲಿ ಗಣಿತಕ್ಕೆ ಹೊಡೆಸಿಕೊಂಡವರಿಗೂ ಈ ಲೆಕ್ಕ ತಪ್ಪುವುದಿಲ್ಲ. ಹಾಕುವ ಮುಂಚೆ ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೀನಿನ ಐಸು ಪೆಟ್ಟಿಗೆಯಲ್ಲಿ ಇಡ್ತೇವೆ. ಕೂದಲೆಳೆಗಿಂತ ಕಡಿಮೆಯೇ ಕುಗ್ಗುವುದು, ಅಷ್ಟೇ ಸಾಕು. ಕೊಳವೆಗೆ ಬಿಸಿನೀರಿನ ಬಟ್ಟೆ ಸುತ್ತಿದರೆ ಮೆಲ್ಲಗೆ ಕೂರುತ್ತದೆ. ಪೆಟ್ಟು ಬೀಳಬೇಕಾದ್ದು ಹೊರಬಳೆಗೆ ಮಾತ್ರ. ಒಳಬಳೆಗೆ ಬಡಿದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದಿಗೆ ಗುಳಿ ಹಾಕುತ್ತದೆ, ಹೊಸದೇ ಹಾಳು. ಕೊಳವೆ ಕೂರಿಸಿ, ಎರಡನೆಯದು ಕೂರಿಸಿ, ಹೊಸ ಸೀಲಿನ ತುಟಿಗೆ ಗ್ರೀಸು ಸವರಿ, ಆಕ್ಸಲ್ಲು ತೂರಿಸಿದೆವು.

ಈ ಸೀಲಿನ ಬಗ್ಗೆ ಒಂದು ಮಾತು. ಮೊದಮೊದಲ ಮೋಟಾರುಗಳಲ್ಲಿ ಈ ತುಟಿ ಚರ್ಮದ್ದಾಗಿತ್ತು, ರಬ್ಬರು ಬಂದದ್ದು ಆಮೇಲೆ. ಚರ್ಮ ಹದ ಮಾಡಿದ ಕೈ ಅಂಗಳ ಹತ್ತುವ ಹಾಗಿರಲಿಲ್ಲ. ಅದೇ ಚರ್ಮ ಚಕ್ರದೊಳಗೆ ಕೂತು ಯಾರ್‍ಯಾರ ಅಂಗಳಕ್ಕೋ ಹೋಯಿತು. ಬಂಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಹುಲ್ಲು ಸುಟ್ಟ ಕರಿ ಕಲಸಿ ಕೀಲೆಣ್ಣೆ ಹಾಕುತ್ತಿದ್ದ ನಮ್ಮ ಅಜ್ಜಂದಿರೂ ಅಂಗಳದ ಆಚೆಯೇ ನಿಂತವರು. ಈಗ ಅಂಗಳಕ್ಕೆ ಕರೀತಾರೆ. ಚಹ ಕೊಡ್ತಾರೆ. ಮನೆಯವರಿಗೆಲ್ಲ ಸ್ಟೀಲಿನ ಲೋಟ, ನಮಗೆ ಪೇಪರಿನದು. "ಕೈಗೆ ಗ್ರೀಸು ಹತ್ತಿದೆಯಲ್ಲಾ" ಅಂತಾರೆ. ಕೈ ತೊಳೆದು ಬಂದ ಮೇಲೂ ಪೇಪರಿನದೇ.

ಈ ಬೈಕಿನ ಹಿರಿಯಣ್ಣ ಮೂರು ಚಕ್ರದ್ದು. ೧೯೭೦ರಲ್ಲಿ ಹೋಂಡಾದವರು ಅಮೆರಿಕದಲ್ಲಿ ಮಾರುಕಟ್ಟೆಗೆ ಬಿಟ್ಟರು. ಅಂಥವು ಮಗುಚಿ ಮಕ್ಕಳು ಸತ್ತರು, ಸತ್ತವರ ಲೆಕ್ಕ ಇಟ್ಟರು, ಸರಕಾರ ಕೋರ್ಟಿಗೆ ಹೋಯಿತು. ೧೯೮೮ರಲ್ಲಿ ಕಂಪನಿಗಳು ಅಲ್ಲಿ ಮೂರು ಚಕ್ರದ ಹೊಸ ಗಾಡಿ ಮಾರುವುದನ್ನು ಬಿಟ್ಟವು. ನಮ್ಮ ಹುಡುಗನ ಮೊಣಕಾಲು ಯಾವ ಪುಸ್ತಕದಲ್ಲಿ ಬರೆದಿದೆ? ನಾವು ನಮ್ಮ ಬಿಲ್ಲಿನಲ್ಲಿ ಬರೆದೆವು. 'ನಡುವಿನ ಕೊಳವೆ ಇರಲಿಲ್ಲ, ಸೀಲು ಹಳತು, ಓಡಿಸಿದವನ ತಪ್ಪಲ್ಲ' ಅಂತ ಬರೆದು, ಮೂವರೂ ಸಹಿ ಹಾಕಿ, ಹುಡುಗನಿಗೊಂದು ಪ್ರತಿ ಕೊಟ್ಟೆವು. ಧಣಿ ಎರಡು ವಾರ ಮಾತಾಡಲಿಲ್ಲ. ಪಗಾರ ಮಾತ್ರ ಮುರಿಯಲಿಲ್ಲ.

ಈಗ ಹುಡುಗ ದಿನಾ ಸಂಜೆ ಗಾಡಿ ತಣಿಯುವ ತನಕ ಕಾದು, ಕೊಡದಲ್ಲಿ ಸಿಹಿನೀರು ಹೊಯ್ದು ತೊಳೀತಾನೆ. ಜೋರು ಪೈಪು ಸೀಲಿನ ಹತ್ತಿರ ಹಿಡಿಯುವುದಿಲ್ಲ. ಮಳೆಗಾಲಕ್ಕೆ ಎರಡು ಗಾಡಿ ತಂದು ನಮ್ಮ ಚಪ್ಪರದಡಿ ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ನಿಂತಲ್ಲೇ ನಿಂತರೆ ಗುಂಡು ಕೂತ ಜಾಗದಲ್ಲೇ ತುಕ್ಕು ಹಿಡೀತದೆ ಅಂತ ವಾರಕ್ಕೊಮ್ಮೆ ಅವನೇ ಬಂದು ಚಕ್ರ ತಿರುಗಿಸಿ ಹೋಗ್ತಾನೆ. ಅದಕ್ಕೆ ಕೂಲಿ ಎಷ್ಟು ಅಂತ ಧಣಿ ಹೇಳಿಲ್ಲ. ನಾವು ವಾರ ವಾರ ಬರೆದಿಡ್ತಾ ಇದ್ದೇವೆ.